ಮಂಚದ ಸವತಿ

ಹೊದಿಕೆಗೆ ಗಂಜಿ ಹಾಕಬೇಕೋ ಬೇಡವೋ ಎಂಬ ಜಗಳ ಬೆಳಿಗ್ಗೆಯಿಂದ ನಡೆದೇ ಇತ್ತು. ಸತ್ತವರಿಗೆ ಹೊದಿಸುವ ಬಟ್ಟೆ ಮೆತ್ತಗಿರಬೇಕು, ಹಲಗೆಯ ಹಾಗೆ ಬಿರುಸು ಮಾಡಿದರೆ ಪಾಪ ಅವಳಿಗೆ ಚುಚ್ಚುತ್ತದೆ ಎಂದು ಒಗೆಯುವವರು. ಚುಚ್ಚಿದರೆ ಎದ್ದು ಬೈಯಲಿ, ನಮಗೆ ಅದಕ್ಕಿಂತ ಇನ್ನೇನು ಬೇಕು ಎಂದು ಇಸ್ತ್ರಿ ಮೇಜಿನವಳು. ಎರಡೂ ಕಡೆಯವರು ಹೊದಿಕೆಯ ಒಂದೊಂದು ತುದಿ ಹಿಡಿದು ನಿಂತಿದ್ದರು. ಅದು ನೆಲಕ್ಕೆ ತಾಗಬಾರದು ಎನ್ನುವುದೊಂದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿತ್ತು.

ಕೊನೆಗೆ ಗೂಬಕ್ಕ ಬಂದಳು. ಈ ಲಾಂಡ್ರಿಗೆ ಸೇರಿದಾಗಿನಿಂದ ರಾತ್ರಿ ಪಾಳಿಯನ್ನೇ ಮಾಡಿದವಳಾದ್ದರಿಂದ ಆ ಹೆಸರು. ಅವಳ ಮುಖವೇನೂ ಗೂಬೆಯಂತಿರಲಿಲ್ಲ, ಅವತ್ತು ಮಾತ್ರ ಇತ್ತು. ಯಾರನ್ನೂ ಕೇಳದೆ ಹೊದಿಕೆಯನ್ನು ಎಳೆದುಕೊಂಡು ಗಂಜಿ ತೊಟ್ಟಿಯಲ್ಲಿ ಅದ್ದಿದಳು.

"ಜೀವಮಾನವೆಲ್ಲ ಊರಿನವರ ಬಟ್ಟೆಗೆ ಗಂಜಿ ಹಾಕಿದವಳು," ಎಂದಳು. "ಅವಳನ್ನ ಮುದುರಿದ ಬಟ್ಟೆಯಲ್ಲಿ ಕಳಿಸೋದಾ?"

ಅಲ್ಲಿಗೆ ಜಗಳ ಮುಗಿಯಿತು. ಬಟ್ಟೆ ಮಡಿಸುವ ಕೋಣೆಯ ಉದ್ದನೆಯ ಮೇಜಿನ ಮೇಲೆ ಮಲಗಿದ್ದವಳು ಗಂಜಿಯಕ್ಕ. ಹೋಟೆಲು, ಆಸ್ಪತ್ರೆ, ಕಚೇರಿ ಎಂದು ಊರಿನ ಕೊಳೆಯೆಲ್ಲ ಬಂದು ಬೀಳುವ ಆ ದೊಡ್ಡ ಲಾಂಡ್ರಿಯಲ್ಲಿ ಗಂಜಿ ತೊಟ್ಟಿ ಅವಳದು. ಕತ್ತೂ ನೆಟ್ಟಗೆ, ಮಾತೂ ನೆಟ್ಟಗೆ. ಬಗ್ಗಿಸಲು ಹೋದವರಿಗೇ ಕೈ ನೋಯುತ್ತಿತ್ತು. ಮದುವೆಯಾಗಿರಲಿಲ್ಲ. ತನ್ನವನು ಅಂತ ಇದ್ದವನು ಒಬ್ಬ ತಮ್ಮ, ಸಿಟಿ ಬಸ್ಸಿನ ಡ್ರೈವರು. ಅವನು ಡಿಪೋದವರ ಕೈಕಾಲು ಹಿಡಿದು ಒಂದು ಹಳೆಯ ಬಸ್ಸು ತಂದು ಬೀದಿಯಲ್ಲಿ ನಿಲ್ಲಿಸಿ, ಬಾಗಿಲ ಬಳಿ ಕುರ್ಚಿಯ ತುದಿಯಲ್ಲಿ ಕೂತಿದ್ದ. ಅಕ್ಕ ಕೆಲಸ ಮಾಡುವ ಜಾಗದ ಒಳಗೆ ಅವನು ಕಾಲಿಟ್ಟದ್ದು ಇದೇ ಮೊದಲು. ಮೇಲಿನ ಅಂತಸ್ತಿನಲ್ಲಿ ಹೆಂಗಸರು ಮಲಗುತ್ತಾರೆ, ಗಂಡಸರಿಗೆ ಪ್ರವೇಶವಿಲ್ಲ. ಹಾಗಾಗಿ ಅವನು ಯಾವಾಗ ಬಂದರೂ ಗೇಟಿನಲ್ಲೇ ಮಾತಾಡಿಸಿ ಹೋಗುತ್ತಿದ್ದ.

ಎಲ್ಲರಿಗಿಂತ ಹೆಚ್ಚಾಗಿ ಓಡಾಡುತ್ತಿದ್ದ, ಅಳುವುದಕ್ಕೂ ಪುರುಸೊತ್ತು ಮಾಡಿಕೊಳ್ಳದ ಗೂಬಕ್ಕನನ್ನು ಅವನು ಆಗಿನಿಂದ ನೋಡುತ್ತಿದ್ದ. ನೀವು ಅಕ್ಕನಿಗೆ ಏನಾಗಬೇಕು ಎಂದು ಮರ್ಯಾದೆಯಿಂದಲೇ ಕೇಳಿದ.

"ಸವತಿ," ಎಂದಳು ಗೂಬಕ್ಕ, ಹೊದಿಕೆ ಹಿಂಡುತ್ತಾ.

ಇಸ್ತ್ರಿ ಮೇಜಿನವಳಿಗೆ ನಗು ತಡೆಯಲಾಗಲಿಲ್ಲ. ಹೆಣದ ಮುಂದೆ ನಕ್ಕೆನಲ್ಲ ಎಂದು ಬಾಯಿಗೆ ಕೈ ಇಟ್ಟುಕೊಂಡಳು, ಆಮೇಲೆ ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡಳು.

*

ಲಾಂಡ್ರಿಯ ಮೇಲೆ ಮಂಚಗಳ ಸಾಲುಗಳಿದ್ದವು. ಹೆಂಗಸರ ಸಂಖ್ಯೆ ಮಂಚಗಳ ಎರಡರಷ್ಟು. ಹಗಲು ಪಾಳಿಯವಳು ಎದ್ದು ಕೆಳಗಿಳಿದರೆ ರಾತ್ರಿ ಪಾಳಿಯವಳು ಹತ್ತಿ ಬಂದು ಅದೇ ಮಂಚದ ಮೇಲೆ ಬೀಳುತ್ತಿದ್ದಳು. ಸಂಜೆ ಮತ್ತೆ ಅದಲುಬದಲು. ಆ ಹಾಸಿಗೆಗಳಿಗೆ ಆರುವ ಯೋಗವೇ ಇರಲಿಲ್ಲ. ಒಂದು ಮಂಚಕ್ಕೆ ಇಬ್ಬರು ಅಂದಮೇಲೆ ಸವತಿಯರಲ್ಲದೆ ಇನ್ನೇನು ಎಂದು ಯಾವ ಕಾಲದಲ್ಲೋ ಯಾರೋ ಮಾಡಿದ ತಮಾಷೆ ಅಲ್ಲಿ ಸಂಬಂಧದ ಹೆಸರಾಗಿಯೇ ನಿಂತುಬಿಟ್ಟಿತ್ತು. ಗಂಡನೊಬ್ಬನ ಕಾಟ ಇಲ್ಲ ಅನ್ನುವುದು ಬಿಟ್ಟರೆ ಮಿಕ್ಕ ಜಗಳಗಳೆಲ್ಲ ಸವತಿಯರವೇ. ದಿಂಬಿನ ಮೇಲೆ ಕೂದಲು ಬಿಟ್ಟೆ, ಕಿಟಕಿ ಮುಚ್ಚಿದೆ, ಹೊದಿಕೆ ಮಡಿಸಲಿಲ್ಲ, ಇಂಥವು.

ಗಂಜಿಯಕ್ಕ ಮತ್ತು ಗೂಬಕ್ಕ ಒಂದೇ ಮಂಚದವರು. ಇಬ್ಬರಿಗೂ ಕೂದಲು ನರೆತದ್ದು ಅದೇ ದಿಂಬಿನ ಮೇಲೆ. ಆದರೂ ಮಾತಾಡಲು ಅವರಿಗೆ ಸಿಗುತ್ತಿದ್ದದ್ದು ಮೆಟ್ಟಿಲು, ಅದೂ ಒಬ್ಬಳು ಹತ್ತುವಾಗ ಇನ್ನೊಬ್ಬಳು ಇಳಿಯುವಾಗ. ರಜೆಯ ದಿನಗಳೂ ಬೇರೆ ಬೇರೆ. ಒಮ್ಮೆ ಗೂಬಕ್ಕನಿಗೆ ಜ್ವರ ಬಂದು ಹಗಲೂ ರಾತ್ರಿ ಮಂಚ ಬಿಡಲಾಗಲಿಲ್ಲ. ಆ ದಿನಗಳಲ್ಲಿ ಗಂಜಿಯಕ್ಕ ನೆಲದ ಮೇಲೆ ಮಲಗಿದಳು. ಅದಕ್ಕೆ ಥ್ಯಾಂಕ್ಸ್ ಹೇಳಲು ಹೋದರೆ, ಸಾಕು ಸುಮ್ಮನಿರು, ನಿನ್ನ ಗೊರಕೆ ಕೇಳಿ ನಿದ್ದೆ ಬರಲಿಲ್ಲ, ಅದನ್ನ ಹೇಗೆ ತೀರಿಸ್ತೀಯ ಎಂದು ಬೈದಿದ್ದಳು.

ನಿನ್ನೆ ಬೆಳಗಿನ ಜಾವ ಗೂಬಕ್ಕ ಪಾಳಿ ಮುಗಿಸಿ ಮೇಲೆ ಬಂದಾಗ ಗಂಜಿಯಕ್ಕ ಇನ್ನೂ ಮಲಗಿದ್ದಳು. ಹಾಗೆ ಎಂದೂ ಆಗಿರಲಿಲ್ಲ. ಏಳೇ ಸವತಿ, ನನ್ನ ಸರದಿ ಎಂದು ಗೂಬಕ್ಕ ಅಂಚಿನಲ್ಲಿ ಕೂತು, ಕಾಲು ನೀಡಿ, ಅವಳನ್ನು ಒಂದಿಷ್ಟು ಆಚೆ ದೂಡಿದಳು. ಯಾವತ್ತೂ ಬೆಚ್ಚಗೆ ಸಿಗುತ್ತಿದ್ದ ಹಾಸಿಗೆ ಅವತ್ತು ತಣ್ಣಗಿತ್ತು.

*

ಹೊದಿಕೆಗೆ ಇಸ್ತ್ರಿ ನಡೆದಿರುವಾಗ ವಕೀಲಮ್ಮ ಬಂದಳು. ಚಿಕ್ಕ ವಯಸ್ಸಿನವಳು, ಕಾರ್ಮಿಕರ ಕೇಸುಗಳನ್ನು ನೋಡುವವಳು. ಮೇಜಿನ ಹತ್ತಿರ ಹೋಗಿ ಗಂಜಿಯಕ್ಕನಿಗೆ ಕೈ ಮುಗಿದಳು. ಆಮೇಲೆ ಗೂಬಕ್ಕನನ್ನು ಪಕ್ಕಕ್ಕೆ ಕರೆದು, ಸಮಿತಿಯವರನ್ನ ಕೇಳಿದೆ, ಸಭೆ ಮುಂದಕ್ಕೆ ಹಾಕಲ್ಲವಂತೆ ಎಂದಳು. ಮತದಾರರ ನೋಂದಣಿಯ ಕಾನೂನು ತಿದ್ದುವ ಸಮಿತಿ ಇವತ್ತು ಮಧ್ಯಾಹ್ನ ಪುರಭವನದಲ್ಲಿ ಕೊನೆಯ ಬಾರಿ ಕೂರುತ್ತದೆ. ಇವತ್ತು ಯಾರೂ ಮಾತಾಡದಿದ್ದರೆ ಆ ಸಾಲು ಹಾಗೇ ಉಳಿಯುತ್ತದೆ. ಮತ್ತೆ ಕಾನೂನಿಗೆ ಯಾವಾಗ ಕೈ ಹಾಕುತ್ತಾರೋ ಹೇಳೋಕಾಗಲ್ಲ.

ಆ ಸಾಲು ಯಾವುದೆಂದು ಅಲ್ಲಿದ್ದ ಪ್ರತಿಯೊಬ್ಬಳಿಗೂ ಬಾಯಿಪಾಠ. ಒಂದು ಮಂಚಕ್ಕೆ ಒಂದೇ ಹೆಸರು.

ಅದರಿಂದೇನು ತೊಂದರೆ ಎಂದು ತಮ್ಮ ಕೇಳಿದ. ಇಸ್ತ್ರಿ ಮೇಜಿನವಳೇ ಅವನಿಗೆ ಹೇಳಿದಳು. ಅಕ್ಕ ಹೋರಾಡಿ ತಂದ ಕಾನೂನು ಮಲಗುವ ಮಂಚವನ್ನೇ ವಿಳಾಸ ಅಂತ ಒಪ್ಪಿದ್ದು ಹೌದು, ಆದರೆ ಒಂದು ಮಂಚದಿಂದ ಒಬ್ಬಳ ಹೆಸರನ್ನು ಮಾತ್ರ ಪಟ್ಟಿಗೆ ತೆಗೆದುಕೊಳ್ಳುತ್ತಾರೆ. ಇಲ್ಲಿ ಮಂಚಕ್ಕೆ ಇಬ್ಬರು. ಹಾಗಾಗಿ ಅರ್ಧ ಲಾಂಡ್ರಿಗೆ ಓಟಿದೆ, ಅರ್ಧಕ್ಕಿಲ್ಲ. ಕೆಲವರು ಚೀಟಿ ಎತ್ತಿದರು, ಕೆಲವರು ಕೂದಲು ಹಿಡಿದು ಕಿತ್ತಾಡಿದರು. ನನ್ನ ಸವತಿ ಯಾರಿಗೆ ಹಾಕ್ತಾಳೋ ಅಂತ ಪ್ರತಿ ಸಲ ನಾನು ಹೊಟ್ಟೆ ಉರಿಸಿಕೊಂಡು ಕೂರ್ತೀನಿ ಎಂದಳು.

"ಅಕ್ಕ ಓಟು ಹಾಕ್ತಿದ್ದಳಲ್ಲ?"

ಇಸ್ತ್ರಿ ಮೇಜಿನವಳು ಗೂಬಕ್ಕನ ಮುಖ ನೋಡಿದಳು. ತಮ್ಮನೂ ಅತ್ತ ತಿರುಗಿದ.

"ನಮ್ಮ ಮಂಚದ ಓಟು ನಂದು," ಎಂದಳು ಗೂಬಕ್ಕ. "ಅವಳೇ ಬರೆಸಿದ್ದು. ನಾನು ಬೇಡ ಅಂದೆ. ಕೇಳಲಿಲ್ಲ."

ಅವನಿಗೆ ನಂಬಲಾಗಲಿಲ್ಲ. ಅಕ್ಕ ಸಮಿತಿಯ ಮುಂದೆ ನಿಂತಿರುವ ಫೋಟೋ ಪೇಪರಿನಲ್ಲಿ ಬಂದದ್ದನ್ನು ಅವನು ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದ. ಬಸ್ಸು ಹತ್ತಿದ ಎಷ್ಟು ಜನಕ್ಕೆ ಹೇಳಿದ್ದನೋ, ನನ್ನ ಅಕ್ಕ ಕಾನೂನು ಮಾಡಿಸಿದವಳು ಎಂದು. ಒಬ್ಬೊಬ್ಬರಿಗೂ ಒಂದೊಂದು ಮಂಚ ಇದೆ ಅಂತ ಆ ಪೇಪರಿನಲ್ಲೇ ಬಂದಿತ್ತಲ್ಲ, ಅಕ್ಕನ ಬಾಯಿಂದಲೇ ಬಂದ ಮಾತಲ್ಲವಾ ಅದು ಎಂದ.

ಕಷ್ಟವಿರುವುದೇ ಅಲ್ಲಿ ಎಂದಳು ವಕೀಲಮ್ಮ. ಸಮಿತಿಯ ಹಳೆಯ ಕಡತದಲ್ಲಿ ಆ ಮಾತಿದೆ. ಅದನ್ನು ತಿದ್ದಲು ಗಂಜಿಯಕ್ಕನೇ ಇವತ್ತು ಬರಬೇಕಿತ್ತು. ಈಗ ಇಲ್ಲಿಯವರೇ ಯಾರಾದರೂ ಎದ್ದು ನಿಂತು ಅದು ನಿಜವಲ್ಲ ಅನ್ನಬೇಕು. ತಾನು ಹೇಳಿದರೆ ಅದು ವಕೀಲರ ಮಾತಾಗುತ್ತದೆ, ಅಷ್ಟೆ.

ತಮ್ಮ ಕುರ್ಚಿಯಿಂದ ಎದ್ದ.

"ಅಂದರೆ ನನ್ನ ಅಕ್ಕ ಸುಳ್ಳುಗಾತಿ ಅಂತ ಇವತ್ತೇ ಊರಿಗೆಲ್ಲ ಸಾರಬೇಕು. ಮಣ್ಣಿನ ಹಸಿ ಆರೋದಕ್ಕೂ ಮುಂಚೆ. ಅವಳಿಗೆ ಅಂತ ಇದ್ದಿದ್ದೇ ಅದೊಂದು ಹೆಸರು. ಅದನ್ನೂ ಕಿತ್ತುಕೊಳ್ಳಿ."

ಗೂಬಕ್ಕ ಹೊದಿಕೆಯ ಅಂಚನ್ನು ಕೈಯಲ್ಲಿ ನೀವುತ್ತಾ, ನಾನು ಬರಲ್ಲ ಎಂದು ವಕೀಲಮ್ಮನಿಗೆ ಹೇಳಿದಳು. ಇವತ್ತೊಂದು ದಿನವಾದರೂ ಹಗಲಲ್ಲಿ ಅವಳ ಜೊತೆ ಎಚ್ಚರವಾಗಿ ಕೂರ್ತೀನಿ, ಮಿಕ್ಕಿದ್ದು ಯಾರಾದರೂ ನೋಡಿಕೊಳ್ಳಲಿ. ವಕೀಲಮ್ಮ ಒತ್ತಾಯ ಮಾಡಲಿಲ್ಲ. ಬಾಗಿಲು ಹಾಕುವ ತನಕ ಪುರಭವನದಲ್ಲೇ ಇರ್ತೀನಿ ಎಂದಷ್ಟೇ ಹೇಳಿ ಹೊರಟಳು.

*

ಹಳೆಯ ನಿಯಮದಲ್ಲಿ ಓಟು ಬೇಕೆಂದರೆ ಬಾಗಿಲಿಗೊಂದು ನಂಬರಿರುವ ಮನೆ ಬೇಕಿತ್ತು, ಮನೆಯ ಯಜಮಾನನ ಸಹಿ ಬೇಕಿತ್ತು. ಲಾಂಡ್ರಿ ಕಾಗದದ ಮೇಲೆ ಕಾರ್ಖಾನೆ, ಕಾರ್ಖಾನೆಯಲ್ಲಿ ಯಾರೂ ವಾಸಿಸುವುದಿಲ್ಲ. ಅಲ್ಲಿಗೆ ಆ ಹೆಂಗಸರು ಎಲ್ಲಿಯೂ ವಾಸವಿರಲಿಲ್ಲ. ಅಕ್ಕಾ, ನನ್ನ ಬಾಡಿಗೆ ಮನೆಯ ನಂಬರು ಕೊಟ್ಟು ನಿನ್ನ ಹೆಸರು ಸೇರಿಸಿಬಿಡ್ತೀನಿ ಎಂದು ತಮ್ಮ ಎಷ್ಟೋ ಸಲ ಹೇಳಿದ್ದ. ನಾನು ಮಲಗೋದು ಅಲ್ಲಲ್ಲ, ಇಲ್ಲಿ ಎಂದು ಗಂಜಿಯಕ್ಕನ ಒಂದೇ ಹಟ.

ಆ ಹಟದಿಂದಲೇ ಅವಳು ಅರ್ಜಿ ಬರೆಸಿದ್ದು, ಬಾಗಿಲು ಬಾಗಿಲು ತಟ್ಟಿದ್ದು, ಕೊನೆಗೆ ಸಮಿತಿಯ ಮುಂದೆ ನಿಂತದ್ದು. ಅವತ್ತು ಎದುರಿಗೆ ಕೂತವರ ಕಾಲರುಗಳನ್ನು ನೋಡಿ ಇವು ನನ್ನ ತೊಟ್ಟಿಯವೇ ಎಂದು ಗುರುತು ಹಿಡಿದಳಂತೆ, ಸ್ವಲ್ಪ ಧೈರ್ಯ ಬಂತಂತೆ. ಮನುಷ್ಯ ಎಲ್ಲಿ ಮಲಗಿ ಏಳ್ತಾನೋ ಅದೇ ಅವನ ವಿಳಾಸ ಎಂದಳು. ಎಲ್ಲರೂ ತಲೆದೂಗಿದರು. ಆಗ ಅಧ್ಯಕ್ಷರು, ಒಳ್ಳೆಯ ಮುದುಕರು, ಕಕ್ಕುಲಾತಿಯಿಂದಲೇ ಕೇಳಿದರು. ಒಬ್ಬೊಬ್ಬರಿಗೂ ಒಂದೊಂದು ಮಂಚ ಇದೆ ತಾನೇ ಅಮ್ಮಾ?

ಪೇಪರಿನವರು ಪೆನ್ನು ಹಿಡಿದು ಕಾಯುತ್ತಿದ್ದರು. ಇದೆ ಎಂದುಬಿಟ್ಟಳು ಗಂಜಿಯಕ್ಕ.

ಸುಳ್ಳು ಹೆಸರು ತುರುಕುವವರನ್ನು ತಡೆಯಲು ಇದು ಒಳ್ಳೆಯದಾಯಿತು ಎಂದು ಮುದುಕರು ಆ ಸಾಲು ಸೇರಿಸಿದರು. ಕಾನೂನು ಬಂದ ದಿನ ಲಾಂಡ್ರಿಯಲ್ಲಿ ಮೊದಲು ಕುಣಿದರು, ಪೂರ್ತಿ ಓದಿಸಿಕೊಂಡ ಮೇಲೆ ತೆಪ್ಪಗಾದರು. ಯಾರೂ ಅವಳನ್ನು ಬೈಯಲಿಲ್ಲ, ಅದೇ ಅವಳಿಗೆ ಕಷ್ಟವಾಯಿತು. ಮಾಡಿದ್ದುಣ್ಣೋ ಮಹರಾಯ ಎಂದು ತನಗೆ ತಾನೇ ಹೇಳಿಕೊಂಡು ಮಂಚದ ಓಟನ್ನು ಗೂಬಕ್ಕನ ಹೆಸರಿಗೆ ಬರೆಸಿದಳು. ಯಾರಿಗೆ ಹಾಕಲಿ ಹೇಳು, ಇದು ನಿಂದೂ ತಾನೇ ಎಂದು ಗೂಬಕ್ಕ ಮೆಟ್ಟಿಲ ಮೇಲೆ ಕೇಳಿದರೆ ಕಿವಿ ಮುಚ್ಚಿಕೊಂಡು ಓಡುತ್ತಿದ್ದಳು.

ಹೊಸ ಸಮಿತಿ ಕೂರುತ್ತದೆ ಎಂದು ವಕೀಲಮ್ಮ ಸುದ್ದಿ ತಂದಾಗಿನಿಂದ ಗಂಜಿಯಕ್ಕನಿಗೆ ಹೊಸ ಹುರುಪು ಬಂದಿತ್ತು. ಬೆಳಿಗ್ಗೆ ಸಂಜೆ ಮೆಟ್ಟಿಲ ಮೇಲೆ ಗೂಬಕ್ಕನನ್ನು ನಿಲ್ಲಿಸಿಕೊಂಡು, ನೀನೇ ಸಮಿತಿ ಅಂದುಕೋ, ಹೇಳ್ತೀನಿ ಕೇಳು ಎನ್ನುತ್ತಿದ್ದಳು. ನಾನು ಅವತ್ತು ಹೇಳಿದ್ದು ನಿಜವಲ್ಲ ಅನ್ನುವಲ್ಲಿಗೆ ಬಂದಾಗ ಪ್ರತಿ ಸಲವೂ ಅವಳ ಧ್ವನಿ ನಡುಗುತ್ತಿತ್ತು. ಆದರೂ ಮರುದಿನ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

*

ಸ್ಮಶಾನಕ್ಕೆ ಇಡೀ ಲಾಂಡ್ರಿ ಬಂದಿತ್ತು. ಅರ್ಧ ದಿನ ಯಂತ್ರ ನಿಲ್ಲಿಸಲು ಮಾಲೀಕರು ಒಪ್ಪಿದ್ದರು. ರಾತ್ರಿ ಪಾಳಿಯವರು ಮಲಗದೆ ನೇರ ಕೆಲಸದಿಂದಲೇ ಎದ್ದು ಬಂದಿದ್ದರು. ಗಂಜಿ ಹಾಕಿದ ಬಿಳಿ ಹೊದಿಕೆ ಗಾಳಿಗೂ ಮಿಸುಕದೆ ನೆಟ್ಟಗೆ ನಿಂತಿತ್ತು. ನೋಡು, ಹೋಗುವಾಗಲೂ ಜಂಬ ಬಿಡಲಿಲ್ಲ ಎಂದು ಯಾರೋ ಹೇಳಿದರು, ಹಲವರು ಅಳುತ್ತಲೇ ನಕ್ಕರು. ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಿದರು.

ಗುಂಡಿ ತುಂಬುವವರು ಕೆಲಸ ಮುಗಿಸುವ ತನಕ ತಮ್ಮ ಬೇಲಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತ. ಗೂಬಕ್ಕ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಮಾತು ಶುರುಮಾಡಿದ್ದು ಅವನೇ. ಅಕ್ಕ ಹುಟ್ಟಿದಾರಭ್ಯ ಸುಳ್ಳು ಹೇಳಿದವಳಲ್ಲ, ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಹೆಚ್ಚು ಕೊಟ್ಟರೂ ಇಳಿದವಳು ಮತ್ತೆ ಹತ್ತಿ ವಾಪಸು ಕೊಡುವವಳು. ಅವತ್ತೊಂದು ದಿನ ಯಾಕೆ ಹಾಗೆ ಮಾಡಿದಳು?

ಗೂಬಕ್ಕ ಹೋಗಲಿ ಬಿಡಪ್ಪಾ ಎಂದಳು. ಅವನು ಬಿಡಲಿಲ್ಲ. ನಿಮಗೆ ಗೊತ್ತಿದೆ, ಹೇಳಿ ಎಂದ.

"ಆಗ ನಿನಗೆ ಹೆಣ್ಣು ನೋಡ್ತಿದ್ದರಲ್ಲ," ಎಂದಳು ಗೂಬಕ್ಕ. "ಹೆಣ್ಣಿನ ಕಡೆಯವರು ಓದಿದವರು, ದಿನಾ ಪೇಪರ್ ನೋಡೋರು. ಗಂಡಿನ ಅಕ್ಕನಿಗೆ ಮಲಗೋಕೆ ಸ್ವಂತ ಮಂಚವೂ ಇಲ್ಲ ಅಂತ ಅದರಲ್ಲಿ ಬಂದರೆ? ಪೇಪರಿನವರು ಪೆನ್ನು ಹಿಡಿದು ನಿಂತಿದ್ದು ನೋಡಿ ನನ್ನ ನಾಲಿಗೆ ಹೊರಳಿಹೋಯ್ತು ಕಣೇ ಅಂದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನಾನು ಒಂದೇ ಹೇಳಿದೆ ಅಂತ ನಗ್ತಿದ್ದಳು. ನಕ್ಕು ಆಮೇಲೆ ಅಳೋಳು."

ಅವನು ಎರಡು ಕೈಗಳನ್ನೂ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಮುಂದಕ್ಕೆ ಬಾಗಿದ. ಮದುವೆಯಾಗಿ, ಮಕ್ಕಳಾಗಿ, ಅವೂ ಶಾಲೆಗೆ ಹೋಗುತ್ತಿದ್ದವು. ಆ ಸಂಬಂಧ ತಾನಾಗಿ ಕುದುರಿತು, ತನ್ನ ಅದೃಷ್ಟ ದೊಡ್ಡದು ಎಂದು ಅವನು ಇಷ್ಟು ದಿನ ನಂಬಿದ್ದ. ಅವನ ಭುಜ ಕುಲುಕುತ್ತಿತ್ತು. ಗೂಬಕ್ಕ ಅವನ ಬೆನ್ನ ಮೇಲೆ ಕೈ ಇಡಲೋ ಬೇಡವೋ ಎಂದು ಯೋಚಿಸಿ, ಇಟ್ಟಳು.

ಬಸ್ಸು ಹೊರಟಾಗ ರಾತ್ರಿ ಪಾಳಿಯವರು ಆಗಲೇ ತೂಕಡಿಸುತ್ತಿದ್ದರು. ಲಾಂಡ್ರಿಗೆ ತಿರುಗಬೇಕಾದ ಕಡೆ ಬಸ್ಸು ತಿರುಗಲಿಲ್ಲ. ದಾರಿ ತಪ್ಪಿತಲ್ಲಪ್ಪಾ ಎಂದು ಇಸ್ತ್ರಿ ಮೇಜಿನವಳು ಹಿಂದಿನಿಂದ ಕೂಗಿದಳು.

"ತಪ್ಪಿಲ್ಲ," ಎಂದ ತಮ್ಮ. ಕನ್ನಡಿಯಲ್ಲಿ ಗೂಬಕ್ಕನನ್ನು ನೋಡಿ, "ನೀವು ಅಲ್ಲಿ ಏನು ಹೇಳಬೇಕು ಅಂತ ಯೋಚನೆ ಮಾಡ್ಕೊಳ್ಳಿ," ಎಂದ.

*

ಅವರು ಪುರಭವನದ ಒಳಗೆ ಬಂದಾಗ ಸಮಿತಿಯವರು ಕಾಗದ ಜೋಡಿಸಿಕೊಳ್ಳುತ್ತಿದ್ದರು. ವಕೀಲಮ್ಮ ಕೂತಲ್ಲಿಂದ ಎದ್ದೇಬಿಟ್ಟಳು. ಬಿಸಿಲಿನಿಂದ ಬಂದ ಅಷ್ಟೂ ಹೆಂಗಸರು ಸಿಕ್ಕ ಸಿಕ್ಕ ಬೆಂಚುಗಳಲ್ಲಿ ಕೂತರು. ಅವರ ಕಾಲುಗಳಲ್ಲಿ ಇನ್ನೂ ಸ್ಮಶಾನದ ಮಣ್ಣಿತ್ತು.

ಈಗಿನ ಅಧ್ಯಕ್ಷೆ ಹೆಂಗಸು, ಕಡಿಮೆ ಮಾತಿನವರು. ಗುಮಾಸ್ತ ಹಳೆಯ ಕಡತದಿಂದ ಗಂಜಿಯಕ್ಕನ ಮಾತನ್ನು ಓದಿ ಹೇಳಿದ. ಒಬ್ಬೊಬ್ಬರಿಗೂ ಒಂದೊಂದು ಮಂಚ ಇದೆ. ಗೂಬಕ್ಕ ಎದ್ದು ನಿಂತಳು. ಅವಳು ಆವರೆಗೆ ಇಷ್ಟು ಜನರ ಮುಂದೆ ಮಾತಾಡಿದವಳೇ ಅಲ್ಲ.

"ಈ ಹೇಳಿಕೆ ಸುಳ್ಳು ಅಂತೀರಾ?" ಎಂದು ಅಧ್ಯಕ್ಷೆ ಕೇಳಿದರು.

"ಸುಳ್ಳು ಅನ್ನಬೇಡಿ ಅಮ್ಮಾ. ನಾಚಿಕೆ ಅನ್ನಿ. ಆ ಮಂಚದಲ್ಲಿ ಮಲಗೋ ಇನ್ನೊಬ್ಬಳು ನಾನು. ರಾತ್ರಿ ಅವಳು, ಹಗಲು ನಾನು. ಕಾನೂನಿನಲ್ಲಿ ನಾನೊಬ್ಬಳೇ ಇದೀನಿ. ಅವಳು ಅಲ್ಲಿ ಇರಲೇ ಇಲ್ಲ ಅಂತ ಆಯ್ತು. ಈಗ ತಾನೇ ಅವಳನ್ನ ಮಣ್ಣು ಮಾಡಿ ಬಂದ್ವಿ. ಎಲ್ಲೂ ಇರದೇ ಇದ್ದವಳನ್ನ ಮಣ್ಣು ಮಾಡೋಕಾಗುತ್ತಾ?"

ಯಾಕೆ ನಾಚಿಕೆ ಎಂದು ಅಧ್ಯಕ್ಷೆ ಕೇಳಿದ್ದಕ್ಕೆ ಗೂಬಕ್ಕ ತಲೆ ತಗ್ಗಿಸಿದಳು. ಅದಕ್ಕೆ ಉತ್ತರ ಬಾಗಿಲ ಹತ್ತಿರದಿಂದ ಬಂತು.

"ನನಗೋಸ್ಕರ," ಎಂದ ತಮ್ಮ. "ನಾನು ಅವಳ ತಮ್ಮ. ನನ್ನ ಮದುವೆ ಮಾತು ನಡೀತಿತ್ತು. ಇದನ್ನೂ ಬರ್ಕೊಳ್ಳಿ."

ಗುಮಾಸ್ತ ಬರೆದುಕೊಂಡ. ಸಮಿತಿಯ ಸದಸ್ಯರೊಬ್ಬರು ಗಂಟಲು ಸರಿಮಾಡಿಕೊಂಡರು. ತಪ್ಪು ತಿಳಿಯಬೇಡಿ, ಇವತ್ತು ಮಂಚಕ್ಕೆ ಇಬ್ಬರು ಅಂತೀರಿ, ನಾಳೆ ಇನ್ಯಾರೋ ಬಂದು ಹತ್ತು ಜನ ಅಂತಾರೆ. ಪಾಳಿಯಲ್ಲಿ ಮಲಗ್ತೀರಿ ಅನ್ನೋದಕ್ಕೆ ನಮಗೇನು ಆಧಾರ ಎಂದರು. ಅವರು ಕೇಳಿದ್ದರಲ್ಲಿ ನ್ಯಾಯವಿತ್ತು. ವಕೀಲಮ್ಮ ಏನೋ ಹೇಳಲು ಹೊರಡುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಗೊರಕೆ ಕೇಳಿಸಿತು.

ಗುಮಾಸ್ತ ಸಿಡುಕಿ ಎದ್ದ. ಇದು ಸಭೆ, ಇಲ್ಲಿ ನಿದ್ದೆ ಮಾಡುವುದೆಂದರೆ ಏನರ್ಥ ಎನ್ನುತ್ತಾ ಮಲಗಿದವರನ್ನು ಎಬ್ಬಿಸಲು ಹೊರಟ.

"ಎಬ್ಬಿಸಬೇಡಿ," ಎಂದಳು ಗೂಬಕ್ಕ. "ಇದು ಅವರ ರಾತ್ರಿ."

ಸಮಿತಿಯವರು ಆಗ ಕಣ್ಣೆತ್ತಿ ಬೆಂಚುಗಳನ್ನು ಸರಿಯಾಗಿ ನೋಡಿದರು. ಒಬ್ಬಳು ಎಚ್ಚರ, ಪಕ್ಕದವಳು ನಿದ್ದೆ. ಒಬ್ಬಳು ಎಚ್ಚರ, ಪಕ್ಕದವಳು ನಿದ್ದೆ. ಬಾಗಿಲ ತನಕ ಹಾಗೇ ಇತ್ತು. ಎಚ್ಚರವಿದ್ದವರು ಅಲುಗಾಡದೆ, ಸವತಿಯ ತಲೆ ಜಾರದ ಹಾಗೆ ಭುಜ ಕೊಟ್ಟು ಕೂತಿದ್ದರು. ಇಸ್ತ್ರಿ ಮೇಜಿನವಳು ತನ್ನವಳ ತೆರೆದ ಬಾಯಿಯನ್ನು ಗದ್ದ ಹಿಡಿದು ಮೆಲ್ಲನೆ ಮುಚ್ಚುತ್ತಿದ್ದಳು. ಪ್ರಶ್ನೆ ಕೇಳಿದ ಸದಸ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಅಧ್ಯಕ್ಷೆ ಎದ್ದರು. ಸದ್ದಾಗದ ಹಾಗೆ ಕುರ್ಚಿ ಸರಿಸಿ, ಮಲಗಿದವರ ಮುಖಕ್ಕೆ ಬಿಸಿಲು ಹೊಡೆಯುತ್ತಿದ್ದ ಕಿಟಕಿಯ ಬಳಿಗೆ ನಡೆದು, ತಾವೇ ಪರದೆ ಎಳೆದರು. ಪುರಭವನದೊಳಗೆ ಹಾಡುಹಗಲೇ ಕತ್ತಲಾಯಿತು. ಆಮೇಲೆ ತುದಿಗಾಲಿನಲ್ಲಿ ವಾಪಸು ಬಂದು ಕೂತು, ಗೂಬಕ್ಕನ ಕಡೆಗೆ ಬಾಗಿ, ಪಿಸುಮಾತಿನಲ್ಲಿ ಹೇಳಿದರು.

"ಮಂಚಕ್ಕೆ ಇಬ್ಬಿಬ್ಬರ ಹೆಸರು ಒಂದೊಂದಾಗಿ ಹೇಳಿ. ಮೊದಲು ಮಲಗಿರೋರದ್ದು."